ಮಗ್ಗುಲಿಗೆ ಹೊರಳಿಸಿದ ಕೈ

ಸಿಂಧನೂರಿನ ಸಣ್ಣ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದ ಗ್ಯಾನಮ್ಮ ಮಿತಭಾಷಿಣಿ. ಮೂರ್ಛೆಯ ರೋಗಿ ಬಂದಾಗ ಮಾತ್ರ ಆಕೆಯ ಪ್ರಶ್ನೆಗಳಿಗೆ ಕೊನೆಯಿರುತ್ತಿರಲಿಲ್ಲ: ಯಾವಾಗ ಆರಂಭವಾಯಿತು, ಮೊದಲು ಯಾವ ಅಂಗ ಸೆಟೆಯಿತು, ಹಿಂದೆಯೂ ಬಂದಿತ್ತೇ? ರೋಗಿ ಮಾತನಾಡಲಾರದ ಹೊತ್ತಿನಲ್ಲಿ ಕಂಡವರ ನಿಜನುಡಿಯೇ ಅರ್ಧ ಔಷಧವೆಂದು ಆಕೆ ನಂಬಿದ್ದಳು.

೧೯೮೮ರ ಭಾದ್ರಪದದ ಒಂದು ಮಧ್ಯಾಹ್ನ ಬಳಗಾನೂರಿನಿಂದ ಆದಮ್ಮನೆಂಬ ನವವಧುವನ್ನು ಟ್ರ್ಯಾಕ್ಟರಿನಲ್ಲಿ ತಂದರು. ಒಂದು ಸೆಳೆತ ಅಡಗುವ ಮುನ್ನವೇ ಮತ್ತೊಂದು ಏಳುತ್ತಿತ್ತು. ಗಂಡ ವೆಂಕೋಬ ಆಕೆಯ ಮುಷ್ಟಿಯೊಳಗೆ ಕಬ್ಬಿಣದ ಕೀಲಿಕೈ ತುರುಕುತ್ತಿದ್ದ.

“ಕೀಲಿ ಹಾಕಿ ಏನ್ ತೆಗೀತೀಯೋ ತಮ್ಮಾ, ಈಕಿ ಟ್ರಂಕೇನು? ಸರಿ ಅತ್ತಾಗ!” ಎಂದು ಗ್ಯಾನಮ್ಮ ಗದರಿದಳು.

ಅತ್ತೆ ಹೊನ್ನೂರಮ್ಮ ಎದೆ ಬಡಿದುಕೊಂಡಳು. “ನಿನ್ನಿ ಗದ್ದಿಗೆ ಹುಳದ ಎಣ್ಣಿ ಹೊಡದಿದ್ವಿರೀ. ಉಳದಿದ್ದು ಮನ್ಯಾಗಿತ್ತು. ಅದನ್ನ ಕುಡದಾಳ ನೋಡ್ರಿ! ಏನ್ ಕಡಿಮಿ ಮಾಡಿದ್ವಿ ಈಕಿಗೆ?”

ನರಕ್ಕೆ ಕೊಟ್ಟ ಮೊದಲ ಚುಚ್ಚುಮದ್ದಿಗೆ ಸೆಳೆತ ನಿಲ್ಲಲಿಲ್ಲ. ಕೀಟನಾಶಕವೇ ಆಗಿದ್ದರೆ ಚಿಕಿತ್ಸೆಯೇ ಬೇರೆ. ವೈದ್ಯರು ಹೊಟ್ಟೆ ತೊಳೆಯುವ ನಳಿಗೆಯನ್ನು ಸಿದ್ಧಪಡಿಸಹೇಳಿದರು. ಸೆಟೆದ ಗಂಟಲಿಗೆ ಅದನ್ನಿಳಿಸಿದರೆ ವಾಂತಿ ಶ್ವಾಸಕೋಶವನ್ನು ಹೊಕ್ಕು ಪ್ರಾಣವೇ ಹೋದೀತೆಂಬುದು ಅವರಿಗೂ ಗೊತ್ತು. ವಿಷವನ್ನು ಒಳಗೇ ಬಿಡುವ ಧೈರ್ಯವೂ ಇಲ್ಲ.

ಆಗ ಗ್ಯಾನಮ್ಮನ ಕಣ್ಣು ಹುಡುಗಿಯ ತಾಯಿ ಅಮರಮ್ಮನ ಮೇಲೆ ಬಿತ್ತು. ಮಗಳನ್ನು ಕಾಣಲೆಂದು ಆಕೆ ಅಂದೇ ವಳಕಮದಿನ್ನಿಯಿಂದ ಬಂದಿದ್ದಳು. ಎಲ್ಲರೂ ಕೈಕಾಲುಗಳನ್ನು ಒತ್ತಿ ಹಿಡಿಯುತ್ತಿರಲು, ಈಕೆಯೊಬ್ಬಳು ಯಾರೂ ಹೇಳದೆಯೇ ಮಗಳನ್ನು ಎಡಮಗ್ಗುಲಿಗೆ ಹೊರಳಿಸಿ, ಗದ್ದವನ್ನೆತ್ತಿ, ನೊರೆ ಹೊರಗೆ ಹರಿಯುವಂತೆ ಮಾಡಿದ್ದಳು. ಮೂರ್ಛೆಯನ್ನು ಮೊದಲ ಬಾರಿ ಕಂಡವಳ ಕೈ ಅದಲ್ಲ.

“ಹಡದಾಕಿ ಒಬ್ಬಾಕಿ ಇರ್ಲಿ, ಉಳದವರು ಹೊರಗ ನಡೀರಿ” ಎಂದು ಗ್ಯಾನಮ್ಮ ಬಾಗಿಲಿಕ್ಕಿದಳು. “ಯಾವಾಗಿಂದ ಐತಬೇ ಇದು?”

“ಇದ ಮೊದಲರೀ ಅಕ್ಕಾರ.”

“ನಿನ್ನ ಕೈ ಬ್ಯಾರೆ ಹೇಳಾಕತ್ತೈತಿ. ವಿಷ ಅಂತ ತಿಳದು ನಳಿಗಿ ಹಾಕ್ತಾರ. ಮಗಳು ಬೇಕೋ, ಬೀಗರ ಮುಂದ ಮರ್ಯಾದಿ ಬೇಕೋ?”

ಅಮರಮ್ಮ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. “ಹನ್ನೆರಡನೇ ವರ್ಷದಿಂದ್ರೀ. ಲಗ್ನದಾಗ ಹೇಳ್ಲಿಲ್ಲ. ಗುಳಿಗಿ ಸೀರಿ ಮಡಿಕ್ಯಾಗ ಮುಚ್ಚಿಟ್ಟು ನುಂಗ್ತಿದ್ಲು. ಹೋದ ವಾರ ತೀರ್ಯಾವು. ಕೊಡಾಕ ಅಂತನ ಇವತ್ತು ಬಂದೆ…” ಎಲೆಅಡಿಕೆಯ ಚೀಲದಿಂದ ಗುಳಿಗೆಯ ಪೊಟ್ಟಣ ಹೊರಬಂತು.

ವೈದ್ಯರು ಅದನ್ನು ನೋಡಿ ನಳಿಗೆಯನ್ನು ಬದಿಗಿಟ್ಟರು. ಆ ಗುಳಿಗೆಯಲ್ಲಿದ್ದ ಔಷಧವನ್ನೇ ಚುಚ್ಚುಮದ್ದಾಗಿ, ಉಸಿರು ಗಮನಿಸುತ್ತ ನಿಧಾನವಾಗಿ ನರಕ್ಕೆ ಹರಿಸಿದರು. ಅರ್ಧ ಗಂಟೆಯ ಮೇಲೆ ದೇಹ ಸಡಿಲವಾಯಿತು. ಗ್ಯಾನಮ್ಮ ಮನದಲ್ಲೇ ದೇವರಿಗೆ ಕೈಮುಗಿದಳು.

ಮರುದಿನ ಆದಮ್ಮನಿಗೆ ಪೂರ್ಣ ಎಚ್ಚರವಾದಾಗ ಗ್ಯಾನಮ್ಮ ಹೇಳಿದಳು: “ಮುಚ್ಚಿಟ್ಟು ನುಂಗಿದ್ರ ಮತ್ತ ತೀರ್ತಾವು, ಮತ್ತ ಹಿಂಗ ಬರ್ತೀ. ಈ ಸಲ ಉಳದಿ. ನೀನ ಹೇಳವ್ವಾ ಅವರಿಗೆ.”

ಆದಮ್ಮ ಹೇಳಿದಳು. ಹೊನ್ನೂರಮ್ಮ ಬೀಗಿತ್ತಿಯತ್ತ ತಿರುಗಿ, “ರೋಗ ಮುಚ್ಚಿ ನಮ್ಮ ಕೊರಳಿಗೆ ಕಟ್ಟೀಯೇನ?” ಎಂದವಳೇ ಬಸ್ ನಿಲ್ದಾಣಕ್ಕೆ ನಡೆದಳು. ವೆಂಕೋಬ ಬಾಗಿಲಲ್ಲಿ ಕೆಲಹೊತ್ತು ನಿಂತು, ಹೆಂಡತಿಯನ್ನು ನೋಡಿ, ತಾಯಿಯ ಹಿಂದೆ ಹೋದ.

ಅಂದಿನಿಂದ ಆದಮ್ಮ ತಿಂಗಳಿಗೊಮ್ಮೆ ತವರಿನಿಂದ ಗುಳಿಗೆಗೆ ಬರುತ್ತಿದ್ದಳು. ನಾಲ್ಕನೆಯ ತಿಂಗಳು ಗ್ಯಾನಮ್ಮ ಅಳುಕುತ್ತಲೇ ಕೇಳಿದಳು: “ವೆಂಕೋಬ ಬಂದಿದ್ನೇನ?”

“ಅವ್ರೂ ಬಂದಿಲ್ರೀ ಅಕ್ಕಾರ, ಫಿಟ್ಸೂ ಬಂದಿಲ್ಲ” ಎಂದು ಆದಮ್ಮ ನಕ್ಕಳು.

ಗ್ಯಾನಮ್ಮನಿಗೆ ನಗಲಾಗಲಿಲ್ಲ.