ಲಕ್ಷ್ಮಣನ ಪಾತ್ರ ಕೇಳಿದ ಶಿವಮ್ಮ

ಶೂರ್ಪನಖಿಯ ಮೂಗು ಕೊಯ್ಯುವಾಗ ನಮ್ಮ ಕಡೆ ಜನ ನಗುತ್ತಾರೆ. ಯಾವ ನಾಟಕವನ್ನಾದರೂ ನೋಡಿ, ಅವಳು ಕಿರುಚುತ್ತಾ ಓಡಿದರೆ ಸಾಕು, ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಆ ನಗು ಕೇಳಿದರೆ ನನಗೆ ಮೈ ಉರಿಯುತ್ತದೆ. ಸೋಮವಾರಪೇಟೆಯಲ್ಲಿ ಟೀಚರ್ ಆಗಿರುವ ನಾನು ಏಳೆಂಟು ಹೆಂಗಸರನ್ನು ಕೂಡಿಸಿ, ಅವರವರ ಬದುಕನ್ನೂ ಶೂರ್ಪನಖಿಯ ಕಥೆಯನ್ನೂ ಸೇರಿಸಿ ಹೊಸ ನಾಟಕ ಕಟ್ಟಲು ಹೊರಟಿದ್ದು ಅದಕ್ಕೇ.

ಶಿವಮ್ಮ ಬಂದದ್ದು ಹಾಗೆ. ವಯಸ್ಸು ನಲವತ್ತೈದು, ಕಾಫಿ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕೆಲಸ. ಮೂಗಿನ ಎಡ ಹೊಳ್ಳೆ ಇಲ್ಲ. ಹತ್ತು ವರ್ಷದ ಹಿಂದೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಏನೋ ತಮಾಷೆ ಮಾಡಿದ, ಇವಳು ನಕ್ಕಳು. ಅಂದು ಸಂಜೆ ಗಂಡ ಮರುಳಸಿದ್ದಪ್ಪ ಕೂದಲು ಹಿಡಿದು ಗೋಡೆಗೆ ಒತ್ತಿ, ಕಾಡು ಕಡಿಯುವ ಕತ್ತಿಯಲ್ಲಿ ಕೊಯ್ದ. ಆಸ್ಪತ್ರೆಯಲ್ಲಿ ಮಾತ್ರ ಕತ್ತಿಯ ಮೇಲೆ ಜಾರಿ ಬಿದ್ದಳು ಎಂದು ಬರೆಸಿದ. ಊರೂ ಹಾಗೇ ಅಂದಿತು. ಮಗಳು ಚಿಕ್ಕವಳು, ಹೋಗಲು ಬೇರೆ ಮನೆಯಿಲ್ಲ, ಇವಳೂ ಹೂಂ ಅಂದಳು.

ಇದನ್ನೆಲ್ಲ ಅವರೆಕಾಯಿ ಸುಲಿಯುತ್ತಾ ಮಾತಾಡುವವರ ಹಾಗೆ ಹೇಳಿದಳು. ಅತ್ತವಳು ನಾನು. "ಶೂರ್ಪನಖಿ ನೀನೇ ಆಗು" ಎಂದುಬಿಟ್ಟೆ. ಎಂಥ ಹೆಡ್ಡಿ ನಾನು!

"ಬ್ಯಾಡಿ ಟೀಚರೇ. ಕೊಯ್ಸ್ಕೊಂಡಿದ್ದು ಸಾಕು. ನಾನು ಲಕ್ಷ್ಮಣ ಆಗ್ತೀನಿ. ನನ್ ಗಂಡ ಹೆಂಗೆ ಮಾಡ್ದ ಅಂತ ಎಲ್ರೂ ನೋಡ್ಲಿ. ನಾನು ಬಿದ್ದಿಲ್ಲ ಅಂತ ಊರು ಒಪ್ಕೋಬೇಕು, ಅಷ್ಟೇ."

ಶಿರಂಗಾಲದ ಕಾಲೇಜು ಹುಡುಗಿ ಸುಮಿತಾ ಶೂರ್ಪನಖಿಯಾದಳು. ಶಿವಮ್ಮ ಮೀಸೆ ಬರೆದುಕೊಂಡು, ಮರದ ಕತ್ತಿ ಹಿಡಿದು, ಗಂಡ ಮಾಡಿದ್ದನ್ನು ಒಂದೊಂದಾಗಿ ಮಾಡಿದಳು. ತಾಲೀಮಿನ ಮೊದಲ ದಿನ ಸುಮಿತಾ ಹೆದರಿ ವಾಂತಿ ಮಾಡಿಕೊಂಡಳು.

ಶಿವಮ್ಮ ಹಟ ಹಿಡಿದು ಮೊದಲ ಆಟವನ್ನು ತನ್ನೂರಿನ ಶಾಲೆಯ ಬಯಲಿನಲ್ಲೇ ಇಡಿಸಿದಳು. ಮಟಮಟ ಮಧ್ಯಾಹ್ನ, ಇನ್ನೂರು ಜನ. ಮುಂದಿನ ಸಾಲಿನಲ್ಲಿ ಮರುಳಸಿದ್ದಪ್ಪ. ಲಕ್ಷ್ಮಣ ಶೂರ್ಪನಖಿಯ ಕೂದಲು ಹಿಡಿದ ಕೂಡಲೇ ಜನ ನಕ್ಕರು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ.

ಶಿವಮ್ಮ ಸುಮಿತಾಳನ್ನು ಬಿಟ್ಟು ವೇದಿಕೆಯಿಂದ ಕೆಳಗಿಳಿದಳು. "ಯಾಕೆ ನಗ್ತೀಯ? ಹಿಂಗೇ ತಾನೆ ನೀನು ನನ್ನ ಮೂಗು ಕೊಯ್ದಿದ್ದು?"

"ಮಾನ ಕಳೀತೀಯೇನೇ, ಮುಂಡೆ!" ಮರದ ಕತ್ತಿ ಕಿತ್ತುಕೊಂಡು ಬಾಯಿಗೆ ಹೊಡೆದ. ತುಟಿ ಸೀಳಿತು. ಬಿದ್ದವಳ ಹೊಟ್ಟೆಗೆ ಒದ್ದ.

ಜನ ಚಪ್ಪಾಳೆ ತಟ್ಟಿದರು! ಯಾರೋ ಶಿಳ್ಳೆ ಹೊಡೆದ. ಇದೂ ನಾಟಕವೇ ಅಂದುಕೊಂಡಿದ್ದರು. ಅವನು ಮತ್ತೆ ಒದ್ದ, ಮತ್ತೆ. "ಅಯ್ಯೋ, ನಿಜವಾಗ್ಲೂ ಹೊಡೀತಾ ಅವ್ನೆ, ಹಿಡ್ಕೊಳ್ರೋ!" ಎಂದು ಸುಮಿತಾ ಕಿರುಚಿದ ಮೇಲೆ ಚಪ್ಪಾಳೆ ನಿಂತಿತು. ನಾವು ಹೆಂಗಸರೇ ಅವನ ಮೇಲೆ ಬಿದ್ದು ಕೈಕಾಲು ಅದುಮಿದೆವು.

ಪೊಲೀಸರು ಬಂದರು. ಯಾರು ನೋಡಿದ್ದೀರಿ ಎಂದು ಕೇಳಿದರು. ಊರಿಗೆ ಊರೇ ತಲೆ ತಗ್ಗಿಸಿತು. ಥೂ, ಇವರ ಜನ್ಮಕ್ಕಿಷ್ಟು! ನಾನು ಮುಂದೆ ಹೋದೆ.

"ನಾನು ನೋಡಿದೆ. ಪೂರ್ತಿ ನೋಡಿದೆ. ಗಂಡನನ್ನೂ ಪಾತ್ರಕ್ಕೆ ಒಪ್ಪಿಸಿಬಿಟ್ಟಿದ್ದಾಳೆ ಅಂದುಕೊಂಡು ಮೊದಲ ಏಟಿಗೆ ಚಪ್ಪಾಳೆಯನ್ನೂ ತಟ್ಟಿದೆ. ಅದನ್ನೂ ಬರೆದುಕೊಳ್ಳಿ."

ನೆಲದ ಮೇಲೆ ಕೂತಿದ್ದ ಶಿವಮ್ಮ ಬಾಯಿಂದ ರಕ್ತ ಉಗುಳಿ ನನ್ನ ಮುಖ ನೋಡಿದಳು.

"ನೀವೂ ತಟ್ಟಿದ್ರಾ, ಶಾಂಭವಿ ಟೀಚರೇ?"