ಪ್ರಳಯ ಮುಗಿಯುವ ತನಕ ಕಾಕಾನ ಗಡ್ಡ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳ ನಾಟಕಕ್ಕೆ ಮೀಸೆ ಅಂಟಿಸಲೆಂದು ಮೇಕಪ್ ಗೋಂದಿನ ಸೀಸೆ ತೆರೆದೆ. ಸ್ಪಿರಿಟ್ಟಿನ ಆ ಘಾಟು ಮೂಗಿಗೆ ಬಡಿದದ್ದೇ ತಡ, ಹೈದರಾಬಾದಿನ ತಾರ್ನಾಕದಲ್ಲಿ ನಾನಿದ್ದ ಹಳೆಯ ಬಿಲ್ಡಿಂಗಿನ ಕೆಳಗಿನ ಮನೆ ಕಾಕಾ ಕಣ್ಣಮುಂದೆ ಬಂದು ನಿಂತರು. ತಮಾಷೆಯೆಂದರೆ, ಅವರ ಮುಖಕ್ಕೆ ನಾನು ಒಂದು ದಿನವೂ ಗೋಂದು ಹಚ್ಚಿದವಳಲ್ಲ. ಅವರದು ಸ್ವಂತ ಗಡ್ಡ. ಗೋಳೆಲ್ಲ ಅದರದೇ...

ಕಾಕಾ ಕಲಬುರಗಿಯವರು. ಸರಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ಹುಕಿ ಬಂದು ಗಡ್ಡ ಬಿಟ್ಟಿದ್ದರು, ಅದು ಎದೆಯವರೆಗೆ ಇಳಿದಿತ್ತು. ನಾನಾಗ ಬೈಬಲ್ಲಿನ ಜಲಪ್ರಳಯದ ಮೇಲೆ ತೆಗೆಯುತ್ತಿದ್ದ ಭಾರೀ ಸಿನಿಮಾವೊಂದರಲ್ಲಿ ಮೇಕಪ್ ಕೆಲಸಕ್ಕಿದ್ದೆ. ಊರಾಚೆ ಬಯಲಿನಲ್ಲಿ ಹಡಗಿನಷ್ಟು ದೊಡ್ಡ ನಾವೆ ಕಟ್ಟಿದ್ದರು. ಸಿನಿಮಾದವರು ಬೆಳಗಿನ ವಾಕಿಂಗಿನಲ್ಲಿ ಕಾಕಾನನ್ನು ಕಂಡು ಅಲ್ಲೇ ಹಿಡಿದರು. ನಾವೆ ಕಟ್ಟುವ ಭಕ್ತನ ಅಜ್ಜನ ಪಾತ್ರ. ಮಾತಿಲ್ಲ, ಆದರೆ ದೃಶ್ಯ ದೃಶ್ಯಕ್ಕೂ ಹಿಂದೆ ನಿಂತಿರಬೇಕು. ಸಂಧ್ಯಾವಂದನೆ ಮುಗಿಸಿ, ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಅವರು ಬೈಬಲ್ಲಿನ ಕಾಲಕ್ಕೆ ಹೊರಡುತ್ತಿದ್ದರು.

"ತಂಗಿ, ಈ ವಯಸ್ಸಿನ್ಯಾಗ ಹೀರೋ ಆದೆ ನೋಡು" ಎಂದು ನಗುತ್ತಿದ್ದರು.

ಪ್ರಳಯದ ದೃಶ್ಯ ಮುಗಿಯುವವರೆಗೆ ಗಡ್ಡ ಮುಟ್ಟುವಂತಿಲ್ಲ ಎಂದು ಕರಾರಿನಲ್ಲಿತ್ತು. ಕಾಕಾ ಖುಷಿಯಿಂದಲೇ ಸಹಿ ಹಾಕಿದ್ದರು. ಆದರೆ ಪ್ರಳಯ ಬರಲೇ ಒಲ್ಲದು! ನೀರಿನ ತೊಟ್ಟಿ ಬಿರುಕು ಬಿಟ್ಟಿತು, ಹೀರೋ ಕಾಲು ಉಳುಕಿಸಿಕೊಂಡ, ಅಷ್ಟರಲ್ಲಿ ಹೈದರಾಬಾದಿನ ಬೇಸಿಗೆ ಬಂತು. ಗಡ್ಡದೊಳಗೆಲ್ಲ ಬೆವರುಸಾಲೆ ಎದ್ದು ಕಾಕಾ ಒದ್ದಾಡಿದರು. ಸಿನಿಮಾದ ಮ್ಯಾನೇಜರ್ ಆಗಾಗ ಫೋನ್ ಮಾಡಿ ವಿಚಾರಿಸುತ್ತಿದ್ದ, ಕಾಕಾನನ್ನಲ್ಲ, ಗಡ್ಡವನ್ನು.

ಕೊನೆಗೆ ಪ್ರಳಯಕ್ಕೆ ದಿನ ಗೊತ್ತಾಯಿತು. ಆ ವಾರವೇ ಕಲಬುರಗಿಯಲ್ಲಿ, ತಮ್ಮನ ಮನೆಯಲ್ಲಿದ್ದ ಅವರ ಅವ್ವ ತೀರಿಕೊಂಡರು.

ಅವರ ಮನೆತನದಲ್ಲಿ ಹಿರಿಯ ಮಗ ತಲೆ, ಗಡ್ಡ, ಮೀಸೆ ಬೋಳಿಸಿಕೊಂಡೇ ಕರ್ಮಕ್ಕೆ ಕೂಡಬೇಕು. ಕಾಕಾ ಮ್ಯಾನೇಜರಿಗೆ ಫೋನ್ ಹಚ್ಚಿದರು. ಅವನು ಅಯ್ಯೋ ಅಂದ, ಪಾಪ ಅಂದ, ಆಮೇಲೆ ಕರಾರು ನೆನಪಿಸಿದ. ಗಡ್ಡ ಹೋದರೆ ಇಷ್ಟು ದಿನ ತೆಗೆದದ್ದೆಲ್ಲ ನೀರುಪಾಲು, ಕೋರ್ಟಿಗೆ ಹೋಗಬೇಕಾಗುತ್ತದೆ ಅಂದ. ನಾನು ಥೇಟ್ ಅಂಥದೇ ಗಡ್ಡ ಹೆಣೆದುಕೊಡುತ್ತೇನೆಂದು ನಮ್ಮ ಮೇಕಪ್ ಮುಖ್ಯಸ್ಥರಿಗೆ ಗಂಟು ಬಿದ್ದೆ. ನೀರಿನಲ್ಲಿ ನಿಂತರೆ ಆಗಲಿ ಅಂದರು. ನನ್ನ ಗದ್ದಕ್ಕೇ ಒಂದು ಗಡ್ಡ ಅಂಟಿಸಿಕೊಂಡು ಬಕೆಟ್ಟಿನಲ್ಲಿ ಮುಖ ಅದ್ದಿದೆ. ಮೇಲೆತ್ತುವಷ್ಟರಲ್ಲಿ ಅದು ಒಂದು ಕಡೆ ಕಿತ್ತು ಜೋತಾಡುತ್ತಿತ್ತು.

ಮೆಟ್ಟಿಲ ಬಳಿ ಕಾಕಾ ಬ್ಯಾಗು ಹಿಡಿದು ಕಾಯುತ್ತಿದ್ದರು. "ಹ್ಯಾಂಗರ ಆತೇನು ತಂಗಿ?"

"ಇಲ್ರಿ ಕಾಕಾ... ನೀರಾಗ ನಿಲ್ಲವಲ್ದು."

ಅವರು ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ನನ್ನ ಮಾರೀ ಮ್ಯಾಲ ಐತಿ, ಆದ್ರ ನಂದಲ್ಲ ನೋಡು ಇದು."

ಕಲಬುರಗಿಯಲ್ಲಿ ಕಾಕಾನ ತಮ್ಮ ಬೋಳಿಸಿಕೊಂಡು ಕರ್ಮಕ್ಕೆ ಕೂತ. ಸಿನಿಮಾದ ಆಸೆಗೆ ಅವ್ವನನ್ನು ಬಿಟ್ಟ ಎಂದು ಬಳಗದವರು ಕಾಕಾನಿಗೆ ಕೇಳುವಂತೆಯೇ ಆಡಿಕೊಂಡರಂತೆ. ಹಿರಿಯ ಮಗ ಹೊರಗೆ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡು, ಸೂತಕದಲ್ಲೇ ಹೊರಟು ಸೆಟ್ಟಿಗೆ ಬಂದರು.

ದೃಶ್ಯ ಇಷ್ಟೇ. ನಾವೆಯ ಬಾಗಿಲು ಮುಚ್ಚುತ್ತದೆ, ಅಜ್ಜ ಹೊರಗೇ ಉಳಿಯುತ್ತಾನೆ. ನೀರು ಏರುವಾಗ ಅವನು ಮಾತಿಲ್ಲದೆ ಆಕಾಶಕ್ಕೆ ಕೈ ಎತ್ತಬೇಕು. ಕಾಕಾ ಕೈ ಎತ್ತಿದರು. ನೀರು ಎದೆಗೆ ಬಂತು. ಇದ್ದಕ್ಕಿದ್ದಂತೆ "ಅವ್ವಾ... ನನ್ನ ಕ್ಷಮಿಸವ್ವಾ" ಎಂದು ಚೀರಿದರು. ನಾನು ಟವೆಲ್ ಹಿಡಿದು ತೊಟ್ಟಿಯ ಅಂಚಿನಲ್ಲೇ ನಿಂತಿದ್ದೆ. ಡೈರೆಕ್ಟರಿಗೆ ಕನ್ನಡ ಬಾರದು. ಚಪ್ಪಾಳೆ ತಟ್ಟಿ, ಅದ್ಭುತ, ಹೀಗೇ ಇನ್ನೊಮ್ಮೆ ಮಾಡಿ ಅಂದ. ಕಾಕಾ ಇನ್ನೊಮ್ಮೆ ಅತ್ತರು. ಮತ್ತೂ ಒಮ್ಮೆ... ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಪ್ರಳಯ ಮುಗಿಯುವಷ್ಟರಲ್ಲಿ ಅವ್ವನ ಕರ್ಮದ ದಿನಗಳೂ ಮುಗಿದಿದ್ದವು. ಇನ್ನು ಗಡ್ಡ ತೆಗೆಯಬಹುದು ಎಂದು ಮ್ಯಾನೇಜರ್ ಉದಾರವಾಗಿ ಹೇಳಿದ. ನಡೀರಿ ಕಾಕಾ, ಕಟಿಂಗ್ ಶಾಪಿಗೆ ಹೋಗೋಣ ಅಂದೆ. "ಈಗ ಯಾರ ಸಲುವಾಗಿ ತಗಸ್ಲಿ, ತಂಗಿ?" ಎಂದು ಮೆಟ್ಟಿಲಿಳಿದು ಒಳಗೆ ಹೋದರು. ಆಮೇಲೆ ಅದಕ್ಕೆ ಕತ್ತರಿ ತಾಗಿಸಲೇ ಇಲ್ಲ. ಕೊನೆಗೆ ಅದೇ ಗಡ್ಡದಲ್ಲಿ ತೀರಿಹೋದರು... ಅವರ ಮಗ ಮಾತ್ರ ತಲೆ, ಮೀಸೆ ಬೋಳಿಸಿಕೊಂಡು ಕರ್ಮ ಮಾಡಿದ.

ಆ ಸಿನಿಮಾ ಈಗಲೂ ಟೀವಿಯಲ್ಲಿ ಬರುತ್ತದೆ. ಕಾಕಾನ ಬಾಯಿಗೆ ಬೇರೆ ಯಾರದೋ ಗಡಸು ದನಿ ಹಚ್ಚಿ, ದೇವರನ್ನು ಕೂಗಿಸಿದ್ದಾರೆ. ನಾನು ದನಿ ಬಂದ್ ಮಾಡಿ ತುಟಿಯನ್ನಷ್ಟೇ ನೋಡುತ್ತೇನೆ.

ಮೊನ್ನೆ ಮೀಸೆ ಅಂಟಿಸಿಕೊಂಡ ಹುಡುಗ ಕನ್ನಡಿ ನೋಡಿ ಗಾಬರಿಯಾದ. "ಆಂಟಿ, ಇದು ಆಮೇಲೆ ಕಿತ್ತು ಬರ್ತದಲ್ರಿ?"

"ಬರ್ತದಪ್ಪ. ನಿನಗ ಯಾವಾಗ ಬೇಕೋ ಆವಾಗ ತಗೀಬಹುದು" ಅಂದೆ. ಸೀಸೆಯ ಮುಚ್ಚಳ ಬಿಗಿದುಬಿಟ್ಟೆ.