ಟರ್ಬೊ ಹಿಂದಿನ ಐದನೇ ಪೈಪು

ಬೊಮ್ಮಸಂದ್ರದಲ್ಲಿ ನನ್ನದೊಂದು ಒಂಟಿ ಶಟರಿನ ಗ್ಯಾರೇಜು ಇದ್ದ ಕಾಲ. ಸಣ್ಣ ಕಾರುಗಳಿಗೂ ಟರ್ಬೊ ಡೀಸೆಲ್ ಎಂಜಿನ್ನು ಬರತೊಡಗಿ ಕೆಲವು ವರ್ಷಗಳಾಗಿದ್ದವು. ಓಟವೇನೋ ಚೆನ್ನಾಗಿತ್ತು, ಆದರೆ ಬಾನೆಟ್ ಎತ್ತಿದರೆ ಒಳಗೆ ಬೆರಳು ತೂರಿಸಲೂ ಜಾಗವಿಲ್ಲ. ಒಂದು ಮನೆಯ ಸಾಮಾನನ್ನೆಲ್ಲ ಒಂದೇ ಟ್ರಂಕಿಗೆ ತುರುಕಿ ಮೇಲೆ ಕೂತು ಚಿಲಕ ಹಾಕಿದ ಹಾಗೆ. ನಮ್ಮಜ್ಜಿ ನೋಡಿದ್ದರೆ, "ಇದ್ಯಾವ ಪುಣ್ಯಾತ್ಮ ಕಟ್ಟಿದ್ದೋ, ಬಿಚ್ಚೋನ ಗತಿ ಏನಂತ ಯೋಚ್ನೆ ಬ್ಯಾಡ್ವಾ?" ಎಂದು ಕೇಳದೆ ಬಿಡುತ್ತಿರಲಿಲ್ಲ. ನನಗೆ ಮಾತು ಕಲಿಸಿದವಳೇ ಅವಳು.

ಅಂಥದೊಂದು ಕಾರು ಪಕ್ಕದ ಊರಿನ ಯಜಮಾನರೊಬ್ಬರದು. ಮೂವತ್ತು ವರ್ಷ ಕಾರ್ಖಾನೆಯ ಲೇತ್ ಮುಂದೆ ನಿಂತು ರಿಟೈರ್ ಆದವರು. ಅವರ ಹೆಂಡತಿಗೆ ಕಿಡ್ನಿ ಕೈಕೊಟ್ಟಿತ್ತು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಹೋಗುವಾಗ ಆ ತಾಯಿ ಮುಂದಿನ ಸೀಟಿನಲ್ಲಿ ಮಾತಾಡಿಕೊಂಡು ಹೋಗುತ್ತಿದ್ದರು. ಬರುವಾಗ ಕೂರಲಾಗದೆ ಹಿಂದಿನ ಸೀಟಿನಲ್ಲಿ ಮಲಗಿಬಿಡುತ್ತಿದ್ದರು. ಸೆಕೆಂಡ್ ಹ್ಯಾಂಡ್ ಕಾರು ಕೊಂಡದ್ದೇ ಅದಕ್ಕಾಗಿ.

ಒಂದು ಶುಕ್ರವಾರ ವಾಪಸ್ಸು ಬರುವಾಗ ಹೊಸೂರು ರಸ್ತೆಯಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಎಂಜಿನ್ನನ್ನು ತಣ್ಣಗಿಡುವ ಕೂಲೆಂಟ್ ಹರಿಯುವ ಐದು ರಬ್ಬರ್ ಪೈಪುಗಳಲ್ಲಿ ಒಂದು ಒಡೆದುಹೋಗಿತ್ತು. ಇಳಿಮಧ್ಯಾಹ್ನದ ಬಿಸಿಲಿನಲ್ಲಿ ಆ ತಾಯಿ ಫ್ಲೆಕ್ಸ್ ಬೋರ್ಡಿನ ನೆರಳಲ್ಲಿ ಒಂದೂವರೆ ಗಂಟೆ ಕೂತಿದ್ದರಂತೆ. ಸೋಮವಾರ ಆಟೋದಲ್ಲಿ ಹೋಗಿಬಂದು ಹೈರಾಣಾದರು. ಮಂಗಳವಾರ ಬೆಳಿಗ್ಗೆ ಯಜಮಾನರು ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ನನ್ನಲ್ಲಿಗೆ ತಂದರು.

"ಒಂದು ಒಡ್ದೈತೆ ಅಂದ್ರೆ ಮಿಕ್ಕಿದ್ದೂ ಅದೇ ವಯಸ್ಸಿಂದು. ಐದಕ್ಕೈದೂ ಹೊಸದು ಹಾಕ್ಬುಡಪ್ಪ. ಇನ್ನೊಂದ್ಸಲ ಅವಳ್ನ ರೋಡಲ್ಲಿ ಕೂರ್ಸಕ್ಕೆ ನನ್ ಕೈಲಾಗಲ್ಲ."

"ಮಧ್ಯಾಹ್ನ ಮೂರಕ್ಕೆ ಬನ್ನಿ ಯಜಮಾನ್ರೇ. ಚಾವಿ ಕೈಗೆ ಕೊಡ್ತೀನಿ" ಎಂದೆ. ನನ್ನ ಬಾಯಿ ಯಾವಾಗಲೂ ನನ್ನ ಕೈಗಿಂತ ಮುಂದೆ.

ನಾಲ್ಕು ಪೈಪು ಸಲೀಸಾಗಿ ಬಂದವು. ಐದನೆಯದು ಎಂಜಿನ್ನಿನ ಬೆನ್ನಿಗೆ, ಟರ್ಬೊ ಕೆಳಗೆ, ಡ್ರೈವರ್ ಕಾಲಿನ ಮುಂದಿರುವ ತಗಡಿನ ಗೋಡೆಗೆ ಅಂಟಿಕೊಂಡಿತ್ತು. ಕಣ್ಣಿಗೆ ಕಾಣದು. ಬೆರಳ ತುದಿಗೆ ಸಿಗುತ್ತದೆ, ಆದರೆ ಅದನ್ನು ಹಿಡಿದಿರುವ ಕ್ಲಿಪ್ಪಿನ ಕಿವಿ, ಒತ್ತಿ ಬಿಡಿಸಬೇಕಾದದ್ದು, ಗೋಡೆಯ ಕಡೆಗೆ ತಿರುಗಿಕೊಂಡಿದೆ. ಮೇಲಿನಿಂದ ಕೈ ಹಾಕಿದೆ, ಕೆಳಗೆ ಮಲಗಿ ಹಾಕಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ತರಚಿ ಬಂತೇ ಹೊರತು ಕ್ಲಿಪ್ಪು ಅಲುಗಲಿಲ್ಲ. ದಾರಿಯೇ ಇರಲಿಲ್ಲವೆಂದಲ್ಲ. ವೈಪರ್ ಕಳಚಿ, ಗಾಜಿನ ಬುಡದ ಪ್ಲಾಸ್ಟಿಕ್ಕನ್ನೂ ಅದರ ಕೆಳಗಿನ ತಗಡನ್ನೂ ಬಿಚ್ಚಿದರೆ ಕೈ ಹೋಗುತ್ತದೆ. ಎರಡು ಗಂಟೆ ಹೆಚ್ಚಿನ ಕೆಲಸ. ಆಗಲೇ ಒಂದೂವರೆಯಾಗಿತ್ತು, ಮೂರಕ್ಕೆ ಬನ್ನಿ ಎಂದಿದ್ದೆ. ಬೆರಳಿನಿಂದ ಪೈಪನ್ನು ಒತ್ತಿ ನೋಡಿದೆ, ಗಟ್ಟಿಯಾಗೇ ಇತ್ತು. ಇರಲಿ ಬಿಡು ಎಂದುಕೊಂಡು ಕೂಲೆಂಟ್ ತುಂಬಿಸಿ, ಎಂಜಿನ್ ಓಡಿಸಿ ನೋಡಿದೆ. ಎಲ್ಲೂ ಒಂದು ಹನಿ ಇಲ್ಲ. ಮನೆಯೊಳಗೆ ಕಾಣುವಷ್ಟನ್ನೇ ಗುಡಿಸಿದರೆ ನಮ್ಮಜ್ಜಿ ಅದನ್ನು ಮಂಚದ ಮುಂದಿನ ಕಸಬರಿಗೆ ಎನ್ನುತ್ತಿದ್ದಳು. ಅವತ್ತು ನಾನು ಮಾಡಿದ್ದು ಅದೇ.

ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ನಮ್ಮ ಕಸುಬಿನಲ್ಲಿ ಬಿಚ್ಚಿದ ಹಳೇ ಸಾಮಾನನ್ನು ಗಿರಾಕಿಗೆ ತೋರಿಸುವುದು ರೂಢಿ. ಹೊಸದು ಹಾಕಿದ್ದಕ್ಕೆ ಅದೇ ಸಾಕ್ಷಿ. ಕವರಿನಲ್ಲಿ ನಾಲ್ಕೇ ಪೈಪು ಇದ್ದವು. ಮೂಲೆಯ ಗುಜರಿ ರಾಶಿಯಲ್ಲಿ ಬೇರೆ ಯಾವುದೋ ಗಾಡಿಯ ಅಷ್ಟೇ ಉದ್ದದ ಹಳೇ ಪೈಪೊಂದು ಬಿದ್ದಿತ್ತು. ಅದನ್ನೂ ಒರೆಸಿ ಕವರಿಗೆ ಹಾಕಿದೆ.

ಮೂರಕ್ಕೆ ಸರಿಯಾಗಿ ಇಬ್ಬರೂ ಆಟೋದಿಂದ ಇಳಿದರು. ಹೆಂಡತಿಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡುತ್ತಿರಲಿಲ್ಲ ಅವರು. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟು ಟೀ ತರಿಸಲು ಹೋದರೆ ಆ ತಾಯಿ ಬೇಡವೆಂದರು. ಕೈಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು ತೋರಿಸಿದರು.

"ಸಾಯಂಕಾಲದ್ ತನ್ಕ ಇದೇ ಕಣಪ್ಪ ನನ್ ನೀರು. ಡಾಕ್ಟ್ರು ಅಳ್ತೆ ಮಾಡವ್ರೆ. ನಮ್ಮೆಜಮಾನ್ರು ಪೊಲೀಸ್ನೋರ್ ಥರ ಕಾಯ್ತಾರೆ."

"ಕಾಯ್ದೇ ಇದ್ರೆ ನೀನು ಬಾವಿಗೇ ಬಾಯ್ ಹಾಕ್ತೀಯ" ಎಂದು ಯಜಮಾನರು ಕವರನ್ನು ಬೆಂಚಿನ ಮೇಲೆ ಸುರಿದು ಪೈಪುಗಳನ್ನು ಸಾಲಾಗಿ ಜೋಡಿಸಿದರು. ನಾಲ್ಕನ್ನು ಸುಮ್ಮನೆ ನೋಡಿದರು. ಐದನೆಯದನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಕಿರುಬೆರಳು ತೂರಿಸಿ ತಿರುಗಿಸಿ ಹೊರಗೆಳೆದರು. ಬೆರಳ ತುದಿಯಲ್ಲಿ ಸುಣ್ಣದಂಥ ಬಿಳಿ ಪುಡಿ. ಬೋರ್‌ವೆಲ್ ನೀರು ಹಾಕಿ ಓಡಿಸಿದ ಗಾಡಿಯ ಪೈಪು ಹಾಗಾಗುತ್ತದೆ. ಅವರು ಕೂಲೆಂಟ್ ಬಿಟ್ಟು ಬೇರೇನೂ ಹಾಕಿದವರಲ್ಲ. ಮಿಕ್ಕ ನಾಲ್ಕರ ಒಳಗೆ ಕರ್ರಗೆ ನುಣುಪಾಗಿತ್ತು. ಒರೆಸುವಾಗ ನಾನು ಹೊರಗನ್ನಷ್ಟೇ ಒರೆಸಿದ್ದೆ.

ಅಷ್ಟರಲ್ಲಿ ಆ ತಾಯಿ ನನ್ನ ಕೈ ನೋಡಿದರು. "ಅಯ್ಯೋ, ಇದೇನ್ ಮಗಾ, ಬೆಕ್ಕಿನ್ ಕೈಗೆ ಸಿಕ್ದೋನ್ ಥರ ಇಂಗ್ ಮಾಡ್ಕೊಂಡಿದ್ದೀಯ?"

"ಏನಿಲ್ಲಮ್ಮ, ತೊಳ್ಕೋತೀನಿ" ಎಂದು ಡ್ರಮ್ಮಿನ ಕಡೆ ತಿರುಗಿದೆ.

"ಆ ಡ್ರಮ್ ನೀರಾಗೆ ಬರೀ ಗ್ರೀಸು ತೇಲ್ತೈತೆ. ಬಾ ಇಲ್ಲಿ." ನಾನು ಬೇಡವೆನ್ನುವುದರೊಳಗೆ ಆ ಪುಟ್ಟ ಬಾಟಲಿಯ ನೀರನ್ನು ಸೆರಗಿನ ತುದಿಗೆ ಸುರಿದುಕೊಂಡು ನನ್ನ ಮೊಣಕೈ ಒರೆಸತೊಡಗಿದರು. ಉರಿಯಿತು.

ಯಜಮಾನರು ಗದರಲಿಲ್ಲ. ಬಿಳಿ ಬೆರಳನ್ನು ಪಂಚೆಗೆ ಒರೆಸಿಕೊಂಡು ಮೆಲ್ಲಗೆ ಹೇಳಿದರು: "ಇದು ಬ್ಯಾರೆ ಗಾಡೀದು ಅನ್ಸ್ತದೆ ಕಣಪ್ಪ. ಕೆಲ್ಸದ್ ಗಡಿಬಿಡೀಲಿ ಸೇರ್ಕೊಂಡೈತೆ. ನಮ್ದು ಎಲ್ಲೈತೋ ನೋಡು."

ಹೌದು ಎನ್ನಬಹುದಿತ್ತು. ನನ್ನ ಮುಖ ಉಳಿಯಲೆಂದೇ ಅವರು ಆ ಮಾತು ಆಡಿದ್ದರು. ಆದರೆ ಕೈ ಇನ್ನೂ ಆ ತಾಯಿಯ ಸೆರಗಿನಲ್ಲಿತ್ತು.

"ಸೇರ್ಕೊಂಡಿಲ್ಲ ಯಜಮಾನ್ರೇ. ನಾನೇ ಹಾಕಿದ್ದು. ನಿಮ್ದು ಇನ್ನೂ ಎಂಜಿನ್ನಲ್ಲೇ ಇದೆ. ಕೈ ಹೋಗ್ಲಿಲ್ಲ, ಬಿಟ್ಬಿಟ್ಟೆ."

ಆ ತಾಯಿಯ ಕೈ ನಿಂತಿತು. "ಅಂದ್ರೆ? ನಾಳೀಕೆ ಗಾಡಿ ಇಲ್ವಾ?" ಎಂದು ಗಂಡನ ಮುಖ ನೋಡಿದರು.

"ಐತೆ ಐತೆ. ಒಂದ್ ಬಾಕಿ ಐತಂತೆ, ಕೂತ್ಕೊ" ಎಂದರು ಯಜಮಾನರು. ನನ್ನ ಕಡೆ ತಿರುಗಿ, "ಎಷ್ಟೊತ್ತು ಬೇಕು? ಈ ಸಲ ನಿಜ ಹೇಳು."

"ಎಂಜಿನ್ ತಣ್ಣಗಾಗ್ಬೇಕು. ಆಮೇಲೆ ಎರಡೂವರೆ ಗಂಟೆ."

ಅವರು ಶರ್ಟಿನ ತೋಳು ಮಡಿಸಿ ನನ್ನ ಕೈಯಿಂದ ಟಾರ್ಚು ತೆಗೆದುಕೊಂಡರು.

ನಾಲ್ಕೂವರೆಗೆ ಶುರುಮಾಡಿದೆವು. ತುಂಬಿಸಿದ ಕೂಲೆಂಟನ್ನು ಮತ್ತೆ ಬಕೆಟ್ಟಿಗೆ ಇಳಿಸಿ, ವೈಪರ್ ಕಳಚಿ, ಗಾಜಿನ ಬುಡದ ತಗಡು ಬಿಚ್ಚಿದೆ. ಬಂತು ನೋಡಿ ಅಂಗೈ ಅಗಲದ ಜಾಗ. ನಾನು ಕೈ ಇಳಿಸಿದಲ್ಲಿಗೆ ಯಜಮಾನರ ಟಾರ್ಚು ತಾನಾಗಿ ಬರುತ್ತಿತ್ತು, ಒಂದು ಮಾತೂ ಬೇಕಾಗಲಿಲ್ಲ. ಕ್ಲಿಪ್ಪನ್ನು ಉದ್ದನೆಯ ಸ್ಕ್ರೂಡ್ರೈವರಿನಿಂದ ಸ್ವಲ್ಪಸ್ವಲ್ಪವೇ ತಳ್ಳಿ ಅದರ ಕಿವಿಯನ್ನು ನಮ್ಮ ಕಡೆ ತಿರುಗಿಸಿದೆ. ಕುರ್ಚಿಯಿಂದ ಆ ತಾಯಿ ಕೇಳುತ್ತಲೇ ಇದ್ದರು: "ಬಂತಾ? ಇನ್ನೂ ಇಲ್ವಾ? ಹೆರಿಗೆ ಬೇಗ ಆಯ್ತದೆ ಕಣ್ರೋ ಇದ್ಕಿಂತ."

ಬಂತು. ಹೊಸದು ಕೂರಿಸಿ, ಕೂಲೆಂಟ್ ತುಂಬಿಸಿ, ಪೈಪುಗಳೊಳಗೆ ಗಾಳಿ ನಿಲ್ಲದಂತೆ ಹೀಟರ್ ಹಾಕಿ, ರೇಡಿಯೇಟರ್ ಫ್ಯಾನು ತಿರುಗುವವರೆಗೆ ಎಂಜಿನ್ ಓಡಿಸಿದೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧಕ್ಕೆ ಬಂದು ನಿಂತಿತು.

ಹಳೇ ಪೈಪನ್ನು ಯಜಮಾನರು ಬಗ್ಗಿಸಿದರು, ಹಿಂಡಿದರು, ಒಳಗೆ ಇಣುಕಿದರು. ನಾನೂ ನೋಡಿದೆ. ಒಂದು ಬಿರುಕಿಲ್ಲ, ಎಲ್ಲೂ ಊದಿಲ್ಲ. ಇನ್ನೂ ಒಂದು ವರ್ಷ ಬರುತ್ತಿತ್ತು.

"ಚೆನ್ನಾಗೇ ಇತ್ತಲ್ಲ ಯಜಮಾನ್ರೇ" ಎಂದೆ. ದನಿಯಲ್ಲಿ ಒಂಚೂರು ಸಮಾಧಾನ ಹುಡುಕಿದ್ದಿರಬೇಕು.

"ಇತ್ತು. ಈಗ ಅದು ನಮಗೂ ಗೊತ್ತಾಯ್ತಲ್ಲ." ಅದನ್ನು ಮಿಕ್ಕ ನಾಲ್ಕರ ಜೊತೆ ಕವರಿಗೆ ಹಾಕಿಕೊಂಡರು. ಒಳಗೆ ಬಿಳಿ ಕಟ್ಟಿದ್ದ ಬೇರೆ ಗಾಡಿಯ ಪೈಪನ್ನು ಬೆಂಚಿನ ಮೇಲೇ ಬಿಟ್ಟರು.

ಮಾರನೆಯ ದಿನ ಮಧ್ಯಾಹ್ನ ಎರಡರಿಂದಲೇ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಡಯಾಲಿಸಿಸ್ ಮುಗಿಸಿ ಬರುವವರು ನನ್ನ ಶಟರಿನ ಮುಂದೆಯೇ ಹಾದುಹೋಗಬೇಕು. ಮೂರು ದಾಟಿದ ಮೇಲೆ ಕಾರು ಬಂತು. ನಿಲ್ಲಿಸಲಿಲ್ಲ, ನಿಧಾನ ಮಾಡಿ ಎರಡು ಸಲ ಹಾರನ್ ಒತ್ತಿದರು. ಹಿಂದಿನ ಗಾಜಿನಲ್ಲಿ ಹೊದ್ದುಕೊಂಡ ಶಾಲಿನ ಅಂಚಷ್ಟೇ ಕಂಡಿತು. ಕಾರು ತಿರುವು ದಾಟಿದ ಮೇಲೆ ನಾನು ರಸ್ತೆಗೆ ಇಳಿದು, ಅದು ಹೋದ ಜಾಡಿನಲ್ಲಿ ಬಗ್ಗಿ ನೋಡಿದೆ. ಎಲ್ಲೂ ಕೂಲೆಂಟಿನ ಹಸಿರು ಹನಿ ಇರಲಿಲ್ಲ. ಹಿಂದಿನಿಂದ ಬಂದ ಟೆಂಪೋದವನು, "ಏನ್ ಗುರು, ಏನಾದ್ರೂ ಕಳ್ಕೊಂಡ್ಯಾ?" ಎಂದು ಕೂಗಿದ. ಇಲ್ಲವೆಂದು ಕೈಯಾಡಿಸಿ ಪಕ್ಕಕ್ಕೆ ಸರಿದು ನಿಂತೆ.